ಸ್ತನ ಕ್ಯಾನ್ಸರ್ ಪ್ಯಾಥಾಲಜಿ ವರದಿಗಳನ್ನು ಕೋಷ್ಟಕಕ್ಕೆ ಇಳಿಸುವುದು: ರೆಜೆಕ್ಸ್ ಸಾಕೇ, ಮಾಡೆಲ್ ಬೇಕೇ?

ಪ್ರಶ್ನೆ: ಅಂಕಣರೇಖೆ

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಇರುವುದು ಆರು ವರ್ಷಗಳ ಹಿಸ್ಟೊಪ್ಯಾಥಾಲಜಿ ವರದಿಗಳು (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದವು), ಸುಮಾರು ಒಂಬತ್ತು ಸಾವಿರ. ಎಲ್ಲವೂ ಸ್ತನದ ಮಾದರಿಗಳವು, ಭಾಷೆ ಇಂಗ್ಲಿಷ್. ಅರ್ಧದಷ್ಟು ವರ್ಡ್ ಕಡತಗಳು, ಉಳಿದವು ಪಿಡಿಎಫ್. ಪಿಡಿಎಫ್‌ಗಳಲ್ಲಿ ಹಳೆಯವು ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು.

ಬೇಕಿರುವುದು ಹದಿನಾಲ್ಕು ಅಂಕಣ: ಮಾದರಿಯ ಬಗೆ, ಎಡವೋ ಬಲವೋ, ಗಡ್ಡೆಯ ಅಳತೆ, ಹಿಸ್ಟಾಲಜಿ ಬಗೆ, ಗ್ರೇಡ್, ಲಿಂಫೊವ್ಯಾಸ್ಕುಲರ್ ಇನ್ವೇಷನ್ (ರಕ್ತ, ದುಗ್ಧನಾಳಗಳಿಗೆ ಗಡ್ಡೆ ನುಗ್ಗಿರುವುದು, ಮುಂದೆ ಎಲ್‌ವಿಐ), ಮಾರ್ಜಿನ್ (ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಇದೆಯೇ), ಪರೀಕ್ಷಿಸಿದ ಲಿಂಫ್ ನೋಡ್ ಎಷ್ಟು, ಅವುಗಳಲ್ಲಿ ಗಡ್ಡೆ ಹರಡಿರುವುದು ಎಷ್ಟು, ಇಆರ್, ಪಿಆರ್ (ಎರಡೂ ಹಾರ್ಮೋನ್ ಗ್ರಾಹಕಗಳು), ಹರ್-2 (ಗಡ್ಡೆಯ ಕೋಶದ ಮೇಲಿನ ಪ್ರೋಟೀನ್), ಕೆಐ-67 (ಕೋಶ ವಿಭಜನೆಯ ಸೂಚಕ), ಕೊನೆಗೆ ಪಿಟಿ-ಪಿಎನ್ (ಗಡ್ಡೆ ಮತ್ತು ನೋಡ್‌ಗಳ ಹಂತ).

ಪೈಥಾನಿನಲ್ಲಿ ರೆಜೆಕ್ಸ್ (ಪಠ್ಯದಲ್ಲಿ ಪದ, ಅಂಕಿಗಳ ವಿನ್ಯಾಸ ಹುಡುಕುವ ನಿಯಮಗಳು) ಬರೆದು ಓಡಿಸಿದರೆ ಬರುತ್ತಿರುವ ತಪ್ಪುಗಳು ಇಂಥವು: ಗಡ್ಡೆಯ ಅಳತೆಯ ಜಾಗದಲ್ಲಿ ಇಡೀ ಸ್ತನದ ಅಳತೆ ಕೂರುತ್ತಿದೆ. 'ನೆಗೆಟಿವ್' ಎಂಬ ಪದ ಮಾರ್ಜಿನಿಗೆ ಸೇರಿದ್ದರೂ ಪಿಆರ್ ಅಂಕಣಕ್ಕೆ ಹೋಗುತ್ತಿದೆ. ಹರ್-2 ಅಂಕ ಬಹುಪಾಲು ವರದಿಗಳಲ್ಲಿ 2 ಎಂದೇ ಬರುತ್ತಿದೆ, ಅದು ಸಾಧ್ಯವೇ ಇಲ್ಲ.

ದತ್ತಾಂಶ ಆಸ್ಪತ್ರೆಯ ಹೊರಗೆ ಹೋಗುವಂತಿಲ್ಲ. 16 ಜಿಬಿ ಜಿಪಿಯು ಇರುವ ಒಂದು ಕಂಪ್ಯೂಟರ್ ಇದೆ. ಕೇಳಬೇಕಾದ್ದು ನಾಲ್ಕು. ನಿಯಮಗಳಲ್ಲೇ ಮುಂದುವರಿಯಬೇಕೇ, ಲ್ಯಾಂಗ್ವೇಜ್ ಮಾಡೆಲ್ ಹಾಕಬೇಕೇ? ಕೈಯಿಂದ ಎಷ್ಟು ವರದಿ ಗುರುತು ಮಾಡಬೇಕು? ಫಲಿತಾಂಶ ನಂಬುವಂತಿದೆ ಎಂದು ಯಾವ ಲೆಕ್ಕದಿಂದ ಹೇಳುವುದು? ಯಾವ ಕೋಡ್ ಪಟ್ಟಿ ಬಳಸುವುದು?

ಉತ್ತರ: ಪದಚ್ಛೇದ

ಮೊದಲು ಹರ್-2 ವಿಷಯ ಮುಗಿಸೋಣ. ನಿಮ್ಮ ರೆಜೆಕ್ಸ್ 'ಹರ್' ಆದಮೇಲೆ ಸಿಗುವ ಮೊದಲ ಅಂಕಿಯನ್ನು ಹಿಡಿಯುತ್ತಿದೆ. ಅದು ಹೆಸರಿನಲ್ಲೇ ಇರುವ 2. ಇದೇ ಕಾರಣಕ್ಕೆ ಕೆಐ-67ರಲ್ಲಿ 67 ಎಂಬುದು ಶೇಕಡಾ ಆಗಿ ಬಂದಿರುತ್ತದೆ, ನೋಡಿ. ಹಾಗೆಯೇ ಪದದ ಗಡಿ ಹಾಕದಿದ್ದರೆ ಇಂಗ್ಲಿಷಿನ 'ಇ', 'ಆರ್' ಎರಡಕ್ಷರಗಳು 'ಅಪ್ಪರ್ ಔಟರ್' ಒಳಗೂ, 'ಹರ್' ಒಳಗೂ ಸಿಗುತ್ತವೆ. 'ಪಿ', 'ಆರ್' ಎರಡೂ 'ಪ್ರೆಸೆಂಟ್' ಪದದ ತಲೆಯಲ್ಲೇ ಇವೆ. ಪರಿಹಾರ ಸುಲಭ: ಬೇರೇನನ್ನೂ ಹುಡುಕುವ ಮೊದಲು ಪರೀಕ್ಷೆಗಳ ಹೆಸರುಗಳನ್ನೆಲ್ಲ ಒಂದೊಂದು ಗುರುತುಪದಕ್ಕೆ ಬದಲಿಸಿ, ಆ ಗುರುತುಪದದಲ್ಲಿ ಅಂಕಿ ಇರದಂತೆ ನೋಡಿಕೊಳ್ಳಿ. ಹರ್-2 ಒಂದಕ್ಕೇ ಹಲವು ರೂಪಗಳಿವೆ: ಹರ್2ನ್ಯೂ, ಹರ್-2/ನ್ಯೂ, ಹಳೆಯ ವರದಿಗಳಲ್ಲಿ ಸಿ-ಎರ್ಬ್-ಬಿ2. ಈ ಪಟ್ಟಿಯನ್ನು ನೆನಪಿನಿಂದ ಬರೆಯಬೇಡಿ. ಒಂಬತ್ತು ಸಾವಿರ ವರದಿಗಳ ಪದಗಳನ್ನು ಎಣಿಸಿ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಅದರಿಂದ ಆರಿಸಿ.

ನಿಯಮವೋ ಮಾಡೆಲೋ ಎನ್ನುವ ಪ್ರಶ್ನೆಗಿಂತ ಮುಂಚೆ ಪಠ್ಯ ಸರಿಯಾಗಿ ಹೊರಬರುತ್ತಿದೆಯೇ ಎಂಬುದು ಇತ್ಯರ್ಥವಾಗಬೇಕು. ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಅಲ್ಲೇ. ಪಿಡಿಎಫ್‌ನಲ್ಲಿ ಇಆರ್-ಪಿಆರ್ ಕೋಷ್ಟಕವಾಗಿದ್ದರೆ ಸಾಮಾನ್ಯ ಓದುಗ ಲೈಬ್ರರಿ ಹೆಸರುಗಳನ್ನೆಲ್ಲ ಒಂದು ಕಡೆ, ಬೆಲೆಗಳನ್ನೆಲ್ಲ ಇನ್ನೊಂದು ಕಡೆ ಸುರಿಯುತ್ತದೆ. ಆಗ ಇಆರ್ ಬೆಲೆ ಪಿಆರ್‌ಗೆ ಹೋಗುತ್ತದೆ. ಪಿಡಿಎಫ್‌ಪ್ಲಂಬರ್ ಅಥವಾ ಪೈಮುಪಿಡಿಎಫ್‌ನಿಂದ ಪ್ರತಿ ಪದದ ಪುಟದ ಸ್ಥಾನವನ್ನೂ ಪಡೆದು, ಒಂದೇ ಎತ್ತರದಲ್ಲಿರುವ ಪದಗಳನ್ನು ಒಂದು ಸಾಲಾಗಿ ಕಟ್ಟಿ. ವರ್ಡ್ ಕಡತದಲ್ಲಿ ಪ್ಯಾರಾಗಳನ್ನು ಮಾತ್ರ ಓದಿದರೆ ಕೋಷ್ಟಕ ಪೂರ್ತಿ ಬಿಟ್ಟುಹೋಗುತ್ತದೆ. ಪ್ಯಾರಾ, ಕೋಷ್ಟಕ ಎರಡನ್ನೂ ಕಡತದಲ್ಲಿರುವ ಕ್ರಮದಲ್ಲೇ ಓದಬೇಕು.

ಸ್ಕ್ಯಾನ್ ಪುಟಗಳಿಗೆ ಟೆಸರಾಕ್ಟ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಸಾಕು, ಆದರೆ 300 ಡಿಪಿಐಗಿಂತ ಕಡಿಮೆ ಬೇಡ. ಅಲ್ಲಿ ಬರುವ ತಪ್ಪುಗಳಿಗೆ ಒಂದು ಜಾಡಿದೆ: '2+' ಹೋಗಿ '24' ಅಥವಾ '2ಟಿ' ಆಗುತ್ತದೆ, ಸೊನ್ನೆ ಹೋಗಿ 'ಓ' ಅಕ್ಷರ ಬರುತ್ತದೆ, 2.5 ಸೆಂಮೀನ ಚುಕ್ಕೆ ಮಾಯವಾಗಿ 25 ಆಗುತ್ತದೆ. ಹಾಗಾಗಿ ಸ್ಕ್ಯಾನ್‌ನಿಂದ ಬಂದ ಪ್ರತಿ ಸಾಲಿಗೂ 'ಮೂಲ: ಸ್ಕ್ಯಾನ್' ಎಂದು ಗುರುತು ಇಡಿ. ಗಡ್ಡೆಯ ಅಳತೆ 15 ಸೆಂಮೀ ದಾಟಿದರೆ ಕಣ್ಣಿನಿಂದ ನೋಡುವ ಪಟ್ಟಿಗೆ ತಳ್ಳಿ. ಸೆಂಮೀ, ಮಿಮೀ ಎರಡೂ ಒಂದೇ ವರದಿಯಲ್ಲಿ ಇರುವುದುಂಟು. ಎಲ್ಲವನ್ನೂ ಮಿಮೀಗೆ ಇಳಿಸಿ, ಮೂಲದಲ್ಲಿದ್ದ ಅಳತೆಯನ್ನೂ ಪಕ್ಕದಲ್ಲೇ ಉಳಿಸಿ.

ಇನ್ನು ವಿಭಾಗ ಕತ್ತರಿಸುವುದು. ವರದಿಯಲ್ಲಿ ಸಾಮಾನ್ಯವಾಗಿ ಕ್ಲಿನಿಕಲ್ ವಿವರ, ಗ್ರಾಸ್ (ಬರಿಗಣ್ಣಿಗೆ ಕಂಡದ್ದು), ಮೈಕ್ರೊಸ್ಕೋಪಿ, ಇಂಪ್ರೆಷನ್ (ತೀರ್ಮಾನ), ಐಎಚ್‌ಸಿ (ಇಆರ್, ಪಿಆರ್, ಹರ್-2 ನೋಡುವ ಬಣ್ಣದ ಪರೀಕ್ಷೆ), ಆಮೇಲೆ ಸೇರಿಸಿದ ಅಡೆಂಡಮ್ ಇರುತ್ತವೆ. ಕ್ಲಿನಿಕಲ್ ವಿವರದಲ್ಲಿ ಇರುವುದು ಕಳುಹಿಸಿದ ವೈದ್ಯರ ಊಹೆ ಮತ್ತು ಹಿಂದಿನ ಚರಿತ್ರೆ, ಅದು ಈ ಮಾದರಿಯ ಫಲಿತಾಂಶವಲ್ಲ. ಅಲ್ಲಿಂದ ಯಾವ ಫಲಿತಾಂಶವನ್ನೂ ತೆಗೆಯಬೇಡಿ. ಎಡ-ಬಲ, ಮೊದಲೇ ಕಿಮೋಥೆರಪಿ ಆಗಿದೆಯೇ ಎಂಬುದಷ್ಟನ್ನು ತೆಗೆಯಿರಿ. ಗಡ್ಡೆಯ ಅಳತೆ ಗ್ರಾಸ್ ಭಾಗದಲ್ಲಿದೆ ನಿಜ. ಆದರೆ ಅದೇ ಪ್ಯಾರಾದಲ್ಲಿ ಇಡೀ ಮಾದರಿಯ ಅಳತೆ, ಮೇಲಿನ ಚರ್ಮದ ಅಳತೆ, ಕಂಕುಳ ಕೊಬ್ಬಿನ ಅಳತೆ, ಮಾರ್ಜಿನಿನ ದೂರ ಎಲ್ಲವೂ ಇವೆ. ಅಳತೆಯನ್ನು ಮೊದಲು ಹಿಡಿಯಿರಿ, ಆಮೇಲೆ ಅದೇ ವಾಕ್ಯದಲ್ಲಿ ಅದರ ಕರ್ತೃ ಯಾರೆಂದು ಹುಡುಕಿ: 'ಟ್ಯೂಮರ್', 'ಗ್ರೋತ್', 'ಲೀಷನ್' ಇದ್ದರೆ ಮಾತ್ರ ತೆಗೆದುಕೊಳ್ಳಿ. ಮೂರು ಅಳತೆ ಇದ್ದರೆ ದೊಡ್ಡದನ್ನು ಇಡಿ.

ನೋಡ್ ಎಣಿಕೆಯಲ್ಲಿ ಇನ್ನೊಂದು ಗುಂಡಿ ಇದೆ. '2/14' (14 ನೋಡ್‌ಗಳಲ್ಲಿ 2ಕ್ಕೆ ಹರಡಿದೆ) ಎಂಬ ರೂಪ ನೋಡ್‌ಗಳಿಗೆ ಮಾತ್ರ ಸೀಮಿತವಲ್ಲ. ಬಯಾಪ್ಸಿ ಸಂಖ್ಯೆ '1243/19', ದಿನಾಂಕ, ಬ್ಲಾಕ್‌ಗಳ (ಮೇಣದಲ್ಲಿ ಇಟ್ಟ ಅಂಗಾಂಶದ ತುಂಡುಗಳ) ಎಣಿಕೆ ಕೂಡ ಇದೇ ರೂಪದಲ್ಲಿರುತ್ತವೆ. ಲೆವೆಲ್ ಒಂದು, ಎರಡು, ಸೆಂಟಿನೆಲ್ ಎಂದು ಬೇರೆಬೇರೆ ಕೊಟ್ಟಿದ್ದರೆ ಕೂಡಿಸಬೇಕು. ಕೆಳಗೆ ಒಟ್ಟು ಮೊತ್ತವನ್ನೂ ಕೊಟ್ಟಿದ್ದರೆ ಕೂಡಿಸಬಾರದು, ಎರಡು ಸಲ ಎಣಿಸಿದಂತಾಗುತ್ತದೆ.

ಉತ್ತರ: ಗಾಜುಪಟ್ಟಿ

ಪ್ಯಾಥಾಲಜಿ ಕಡೆಯಿಂದ ಹೇಳುವುದಾದರೆ, ಈ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ ಪದ 'ಇಲ್ಲ'. ಎಲ್‌ವಿಐ ಅಂಕಣದಲ್ಲಿ 'ಇಲ್ಲ' ಎಂದು ಬರೆದರೆ ಅದಕ್ಕೆ ಮೂರು ಅರ್ಥ ಇರಬಹುದು: ಹುಡುಕಿ ನೋಡಿದರು, ಕಾಣಲಿಲ್ಲ; ನೋಡಿದರು, ಖಚಿತವಾಗಲಿಲ್ಲ; ಅದರ ಬಗ್ಗೆ ಬರೆದೇ ಇಲ್ಲ. ಮೊದಲನೆಯದು ರೋಗಿಯ ಬಗ್ಗೆ ಒಂದು ಸತ್ಯ, ಕೊನೆಯದು ವರದಿಯ ಬಗ್ಗೆ ಒಂದು ಸತ್ಯ. ಇವೆರಡನ್ನು ಒಂದೇ ಖಾಲಿ ಮನೆಯಲ್ಲಿ ಕೂಡಿಸಿದ ಕೋಷ್ಟಕದಿಂದ ಯಾವ ಅಧ್ಯಯನವೂ ಮಾಡಲಾಗದು. ಆದ್ದರಿಂದ ಪ್ರತಿ ಹೌದು-ಅಲ್ಲ ಅಂಕಣಕ್ಕೂ ನಾಲ್ಕು ಬೆಲೆ ಇಡಿ: ಇದೆ, ಇಲ್ಲ, ಅನಿಶ್ಚಿತ, ಬರೆದಿಲ್ಲ. ನೋಡ್‌ಗಳಿಗೂ ಅಷ್ಟೇ. '0/14' ಎಂದರೆ ಹದಿನಾಲ್ಕು ನೋಡಿ ಯಾವುದರಲ್ಲೂ ಗಡ್ಡೆ ಸಿಗಲಿಲ್ಲ. ನೋಡ್ ಕಳುಹಿಸಿಯೇ ಇಲ್ಲದಿದ್ದರೆ ಅದು ಪಿಎನ್‌ಎಕ್ಸ್ (ನೋಡ್ ಸ್ಥಿತಿ ಗೊತ್ತಿಲ್ಲ). ಎರಡನ್ನೂ ಸೊನ್ನೆ ಮಾಡಿದರೆ ಟ್ರೂಕಟ್ ಬಯಾಪ್ಸಿಯ (ಸೂಜಿಯಿಂದ ತೆಗೆದ ಚಿಕ್ಕ ತುಣುಕು) ಎಲ್ಲ ರೋಗಿಗಳೂ ನೋಡ್-ನೆಗೆಟಿವ್ ಆಗಿಬಿಡುತ್ತಾರೆ.

ಹರ್-2ಗೆ 'ಪಾಸಿಟಿವ್/ನೆಗೆಟಿವ್' ಅಂಕಣ ಮಾಡಬೇಡಿ, ಅಂಕವನ್ನೇ ಇಡಿ. ಐಎಚ್‌ಸಿಯಲ್ಲಿ 0 ಮತ್ತು 1+ ನೆಗೆಟಿವ್, 2+ ಅನಿಶ್ಚಿತ, 3+ ಪಾಸಿಟಿವ್ ಎಂಬುದು ಸರಿಯೇ. ಆದರೆ 2022ರಿಂದೀಚೆಗೆ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಔಷಧದ ಕಾರಣಕ್ಕೆ 'ಹರ್-2 ಲೋ' ಎಂಬ ಗುಂಪಿಗೆ ಚಿಕಿತ್ಸೆಯ ಅರ್ಥ ಬಂದಿದೆ. ಅದು 1+, ಅಥವಾ 2+ ಇದ್ದು ಫಿಶ್ (ಹರ್-2 ಜೀನ್ ಎಣಿಸುವ ಪರೀಕ್ಷೆ) ನೆಗೆಟಿವ್ ಆಗಿರುವುದು. 0 ಮತ್ತು 1+ ಅನ್ನು ಇವತ್ತು ಒಂದೇ ಮಾಡಿಬಿಟ್ಟರೆ, ನಾಳೆ ಆ ಗುಂಪನ್ನು ಹುಡುಕಲು ಒಂಬತ್ತು ಸಾವಿರ ವರದಿಗಳನ್ನೂ ಮತ್ತೆ ತೆರೆಯಬೇಕು.

ಇಆರ್, ಪಿಆರ್ ಎರಡಕ್ಕೂ ಶೇಕಡಾ (ಬಣ್ಣ ಹಿಡಿದ ಕೋಶಗಳು) ಒಂದು ಅಂಕಣ, ಆಲ್‌ರೆಡ್ ಅಂಕ ಇನ್ನೊಂದು. ಆಲ್‌ರೆಡ್‌ನಲ್ಲಿ ಪ್ರಮಾಣಕ್ಕೆ 0ರಿಂದ 5, ತೀವ್ರತೆಗೆ 0ರಿಂದ 3, ಒಟ್ಟು ಗರಿಷ್ಠ 8. '5+3=8' ಎಂದು ಬರೆದಿದ್ದರೆ ಮೂರೂ ಅಂಕಿ ತೆಗೆಯಿರಿ. ಪ್ರಮಾಣ 5 ಎಂದರೆ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಕೋಶಗಳು ಎಂದಷ್ಟೇ ಅರ್ಥ. ಅದರಿಂದ ಶೇಕಡಾ 70 ಎಂದೋ 90 ಎಂದೋ ಬರೆಯಲು ಯಾವ ಆಧಾರವೂ ಇಲ್ಲ. ಇಆರ್‌ಗೆ ಶೇ. 1ಕ್ಕಿಂತ ಕಡಿಮೆ ನೆಗೆಟಿವ್; 1ರಿಂದ 10ರವರೆಗಿನದನ್ನು 2020ರ ಆಸ್ಕೊ-ಕ್ಯಾಪ್ (ಅಮೆರಿಕದ ಕ್ಯಾನ್ಸರ್ ವೈದ್ಯರ ಮತ್ತು ಪ್ಯಾಥಾಲಜಿಸ್ಟ್‌ಗಳ ಸಂಸ್ಥೆಗಳು) ಮಾರ್ಗಸೂಚಿ 'ಲೋ ಪಾಸಿಟಿವ್' ಎಂದು ಬೇರೆ ಹೇಳಲು ಸೂಚಿಸುತ್ತದೆ. ಹಳೆಯ ವರದಿಗಳು ಅದಕ್ಕೂ ಮುಂಚಿನವು. ಹಾಗಾಗಿ ವರದಿಯಲ್ಲಿರುವ ಪದವನ್ನು ನೆಚ್ಚಿಕೊಳ್ಳದೆ ಸಂಖ್ಯೆಯನ್ನು ಇಟ್ಟುಕೊಳ್ಳಿ, ವರ್ಗೀಕರಣ ಆಮೇಲೆ ಮಾಡಬಹುದು.

ವರದಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕೆಲವು ಜಾಗಗಳಿವೆ, ಅವನ್ನು ಖಂಡಿತ ಬಳಸಿ. ನಾಟಿಂಗ್‌ಹ್ಯಾಮ್ ಗ್ರೇಡ್‌ಗೆ ಮೂರು ಅಂಕ ಕೂಡುತ್ತೇವೆ: ಮೊತ್ತ 3-5 ಗ್ರೇಡ್ 1, 6-7 ಗ್ರೇಡ್ 2, 8-9 ಗ್ರೇಡ್ 3. ಮೊತ್ತಕ್ಕೂ ಗ್ರೇಡಿಗೂ ತಾಳೆಯಾಗದಿದ್ದರೆ ಒಂದೋ ನಿಮ್ಮ ಕೋಡ್ ತಪ್ಪು, ಇಲ್ಲವೇ ಟೈಪ್ ಮಾಡಿದ್ದು ತಪ್ಪು. ಹರಡಿದ ನೋಡ್ ಸಂಖ್ಯೆ ಪರೀಕ್ಷಿಸಿದ್ದಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. '1243/19' ಅಲ್ಲೇ ಸಿಕ್ಕಿಬೀಳುತ್ತದೆ. ಅಳತೆ 20 ಮಿಮೀ ಅಥವಾ ಕಡಿಮೆ ಇದ್ದರೆ ಪಿಟಿ1, 20 ದಾಟಿ 50ರವರೆಗೆ ಪಿಟಿ2, 50 ದಾಟಿದರೆ ಪಿಟಿ3. ಕಂಕುಳ ನೋಡ್ 1-3 ಇದ್ದರೆ ಪಿಎನ್1, 4-9 ಪಿಎನ್2, 10 ಮತ್ತು ಮೇಲೆ ಪಿಎನ್3.

ಆದರೆ ಒಂದು ಎಚ್ಚರ. ತಾಳೆಯಾಗಲಿಲ್ಲ ಎಂದ ಮಾತ್ರಕ್ಕೆ ವರದಿ ತಪ್ಪಲ್ಲ. ಗಡ್ಡೆ ಎದೆಗೋಡೆಗೆ ಹತ್ತಿದ್ದರೆ ಅಥವಾ ಚರ್ಮದಲ್ಲಿ ಹುಣ್ಣು ಮಾಡಿದ್ದರೆ ಅಳತೆ ಏನೇ ಇರಲಿ ಪಿಟಿ4. ಅಳತೆ ಇನ್ವೇಸಿವ್ (ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ) ಭಾಗಕ್ಕೆ ಮಾತ್ರ ಲೆಕ್ಕ, ಡಿಸಿಐಎಸ್ (ಹಾಲಿನ ನಾಳದೊಳಗೇ ಉಳಿದ ಭಾಗ) ಸೇರಿಸಿ ದೊಡ್ಡದಾಗಿ ಕಂಡಿರಬಹುದು. ಮೊದಲೇ ಕಿಮೋಥೆರಪಿ ಆಗಿದ್ದರೆ 'ವೈಪಿಟಿ' ಎಂದಿರುತ್ತದೆ, ಆ 'ವೈ' ಅಕ್ಷರವನ್ನು ಕಳೆದುಕೊಳ್ಳಬೇಡಿ. ನೋಡ್‌ನಲ್ಲಿ 2 ಮಿಮೀ ಮೀರದ ಸೂಕ್ಷ್ಮ ಹರಡುವಿಕೆಯಷ್ಟೇ ಇದ್ದರೆ ಪಿಎನ್1ಎಂಐ. ಹೀಗಾಗಿ ತಾಳೆಯಾಗದ ಸಾಲುಗಳು ಮನುಷ್ಯರ ಮುಂದೆ ಬರಬೇಕು. ಕೋಡ್ ತಾನಾಗಿ ತಿದ್ದಬಾರದು. ವರದಿ ಪಿಟಿ ಹೇಳಿಲ್ಲ, ನೀವು ಅಳತೆಯಿಂದ ಲೆಕ್ಕ ಹಾಕಿದಿರಿ ಎಂದಾದರೆ ಅದು 'ಲೆಕ್ಕದಿಂದ' ಎಂಬ ಬೇರೆ ಅಂಕಣಕ್ಕೆ ಹೋಗಲಿ. ವೈದ್ಯರು ಬರೆದದ್ದೂ ಯಂತ್ರ ಕೂಡಿಸಿದ್ದೂ ಒಂದೇ ಅಂಕಣದಲ್ಲಿ ಬೆರೆತರೆ ಮತ್ತೆ ಬೇರ್ಪಡಿಸಲಾಗದು.

ಇನ್ನೊಂದು, ಒಂದು ವರದಿಗೆ ಒಂದು ಸಾಲು ಎಂದುಕೊಂಡಿದ್ದರೆ ಈಗಲೇ ಬದಲಿಸಿ. ಎರಡೂ ಸ್ತನಗಳಲ್ಲಿ ಗಡ್ಡೆ, ಒಂದೇ ಸ್ತನದಲ್ಲಿ ಎರಡು ಗಡ್ಡೆ, ಇಂಥವು ಬಂದೇ ಬರುತ್ತವೆ. ಸಾಲು ಇರಬೇಕಾದ್ದು ಗಡ್ಡೆಗೆ.

ಉತ್ತರ: ವಾಕ್ಯಶೋಧ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ನಿಷೇಧ ಮತ್ತು ಮಾಡೆಲ್ ಬಗ್ಗೆ ಸೇರಿಸುವುದಿದೆ.

'ಇಲ್ಲ' ಹಿಡಿಯಲು ಹಳೆಯ, ಇವತ್ತಿಗೂ ಗಟ್ಟಿಯಾದ ದಾರಿ ನೆಗೆಕ್ಸ್. 2001ರಲ್ಲಿ ವೆಂಡಿ ಚಾಪ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ್ದು. 'ನೋ ಎವಿಡೆನ್ಸ್ ಆಫ್' ಥರದ ಸೂಚಕ ಪದಗಳ ಪಟ್ಟಿ, ಅದರ ಪ್ರಭಾವ ಎಷ್ಟು ಪದ ದೂರಕ್ಕೆ ಹೋಗುತ್ತದೆ ಎಂಬ ಲೆಕ್ಕ, ಇಷ್ಟೇ ಅದರ ತಿರುಳು. 2009ರ ಕಾನ್‌ಟೆಕ್ಸ್ಟ್ ಇದಕ್ಕೆ ಇನ್ನಷ್ಟು ಸೇರಿಸಿತು: ಹಿಂದಿನ ಕಾಲದ್ದೇ, ಊಹೆಯೇ, ರೋಗಿಯದ್ದೋ ಬೇರೆಯವರದ್ದೋ. 'ತಾಯಿಗೆ ಸ್ತನ ಕ್ಯಾನ್ಸರ್ ಇತ್ತು' ಎಂಬ ವಾಕ್ಯ ಮಗಳ ಸಾಲಿಗೆ ಬೀಳದಂತೆ ತಡೆಯುವುದು ಇದೇ. ಪೈಥಾನಿನಲ್ಲಿ ಮೆಡ್‌ಸ್ಪೇಸಿ ಎಂಬ ಪ್ಯಾಕೇಜಿನಲ್ಲಿ ಸಿದ್ಧವಾಗಿ ಸಿಗುತ್ತದೆ.

ಆದರೆ ಸಿದ್ಧ ಪಟ್ಟಿಯನ್ನೇ ನಂಬಿದರೆ ಪ್ಯಾಥಾಲಜಿ ವರದಿಯಲ್ಲಿ ಎಡವುತ್ತೀರಿ, ಏಕೆಂದರೆ ಅದು ಹುಟ್ಟಿದ್ದು ಡಿಸ್ಚಾರ್ಜ್ ಸಾರಾಂಶಗಳಿಗಾಗಿ. ನಮ್ಮ ಕಡೆಯ ವರದಿಗಳಲ್ಲಿ 'ನಾಟ್ ಮೇಡ್ ಔಟ್', 'ನಿಲ್', 'ನಾಟ್ ಸೀನ್' ಎಂಬವು ವಿಷಯದ ನಂತರ ಬರುತ್ತವೆ. ಹಿಂದಕ್ಕೆ ಪ್ರಭಾವ ಬೀರುವ ಸೂಚಕಗಳಾಗಿ ಇವನ್ನು ಸೇರಿಸಬೇಕು. 'ಮಾರ್ಜಿನ್ಸ್ ಆರ್ ಫ್ರೀ ಆಫ್ ಟ್ಯೂಮರ್' ವಾಕ್ಯದಲ್ಲಿ ನಿಷೇಧ ಬೀಳುವುದು ಟ್ಯೂಮರ್ ಮೇಲೆ, ಮಾರ್ಜಿನ್ ಮೇಲಲ್ಲ. ಇದನ್ನು ನೆಗೆಕ್ಸ್‌ಗೆ ಬಿಡದೆ ಮಾರ್ಜಿನ್‌ಗಾಗಿಯೇ ಪ್ರತ್ಯೇಕ ನಿಯಮ ಬರೆಯಿರಿ. 'ಕೆನಾಟ್ ಬಿ ರೂಲ್ಡ್ ಔಟ್' ನಿಷೇಧದಂತೆ ಕಂಡರೂ ನಿಷೇಧವಲ್ಲ, ಅನಿಶ್ಚಿತ. 'ಎಲ್‌ವಿಐ ನಾಟ್ ಸೀನ್, ಪೆರಿನ್ಯೂರಲ್ ಇನ್ವೇಷನ್ ಪ್ರೆಸೆಂಟ್' ಥರದ ಸಾಲಿನಲ್ಲಿ ಅಲ್ಪವಿರಾಮಕ್ಕೇ ಪ್ರಭಾವ ನಿಲ್ಲಬೇಕು, ಪೂರ್ಣವಿರಾಮದವರೆಗೆ ಬಿಟ್ಟರೆ ಎರಡನೆಯದೂ 'ಇಲ್ಲ' ಆಗುತ್ತದೆ.

ಗಾಜುಪಟ್ಟಿಯವರು ಹೇಳಿದ ನಾಲ್ಕು ಬೆಲೆಗಳ ಕ್ರಮಕ್ಕೆ ಪೂರ್ವನಿದರ್ಶನವೂ ಇದೆ. ಸ್ಟ್ಯಾನ್‌ಫರ್ಡ್‌ನವರು 2019ರಲ್ಲಿ ಪ್ರಕಟಿಸಿದ ಚೆಕ್ಸ್‌ಪರ್ಟ್‌ನ ಲೇಬಲರ್ ಎದೆ ಎಕ್ಸ್‌ರೇ ವರದಿಗಳಿಂದ 14 ಅಂಶ ತೆಗೆಯುತ್ತದೆ. ಅಲ್ಲೂ ಪಾಸಿಟಿವ್, ನೆಗೆಟಿವ್, ಅನಿಶ್ಚಿತ, ಖಾಲಿ ಎಂದೇ ಬೇರೆಬೇರೆ.

ಇನ್ನು ಮಾಡೆಲ್. ಬರ್ಟ್ (ಚಿಕ್ಕ ಲ್ಯಾಂಗ್ವೇಜ್ ಮಾಡೆಲ್) ಬಗೆಯವನ್ನು ತರಬೇತು ಮಾಡುವುದಾದರೆ ಒಂದು ಮಿತಿ ಮರೆಯಬಾರದು: 512 ಟೋಕನ್ (ಪದ ಅಥವಾ ಪದದ ತುಂಡು). ಮ್ಯಾಸ್ಟೆಕ್ಟಮಿಯ (ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ) ವರದಿ ಅದನ್ನು ಸುಲಭವಾಗಿ ಮೀರುತ್ತದೆ. ಹೆಚ್ಚಿನ ಕೋಡ್‌ಗಳು ಸದ್ದಿಲ್ಲದೆ ಬಾಲವನ್ನು ಕತ್ತರಿಸುತ್ತವೆ. ವರದಿಯ ಬಾಲದಲ್ಲೇ ಇಂಪ್ರೆಷನ್ ಮತ್ತು ಐಎಚ್‌ಸಿ ಇರುವುದು! ವಿಭಾಗವಾರು ಕೊಡಿ.

ನಿಮ್ಮ 16 ಜಿಬಿ ಕಾರ್ಡಿನಲ್ಲಿ 700-800 ಕೋಟಿ ಪ್ಯಾರಾಮೀಟರಿನ ಮಾಡೆಲನ್ನು 4 ಬಿಟ್‌ಗೆ ಇಳಿಸಿ ಆರಾಮವಾಗಿ ಓಡಿಸಬಹುದು. ತೂಕಗಳಿಗೆ ಸುಮಾರು 5 ಜಿಬಿ ಸಾಕು, ಉಳಿದದ್ದು ಉದ್ದದ ಪಠ್ಯಕ್ಕೆ. ಆಸ್ಪತ್ರೆಯ ಹೊರಗೆ ಏನೂ ಹೋಗಬೇಕಿಲ್ಲ. ಟೆಂಪರೇಚರ್ (ಉತ್ತರದಲ್ಲಿನ ಯಾದೃಚ್ಛಿಕತೆ) 0 ಇಡಿ. ಹೊರಬರುವುದು ಜೇಸನ್ (ಹೆಸರು-ಬೆಲೆ ಜೋಡಿಗಳ ನಿಗದಿತ ರೂಪ) ಆಗಿರಲೇಬೇಕು ಎಂದು ಬೇಡಿಕೊಂಡರೆ ಸಾಲದು. ಮಾಡೆಲ್ ಓಡಿಸುವ ಲಾಮಾ ಡಾಟ್ ಸಿಪಿಪಿ ತಂತ್ರಾಂಶದಲ್ಲಿ ವ್ಯಾಕರಣ ಕಡತ ಕೊಟ್ಟು ಬೇರೇನೂ ಬರದಂತೆ ಕಟ್ಟಿಹಾಕಿ. ಪ್ರತಿ ಅಂಕಣಕ್ಕೆ ಸಾಧ್ಯ ಬೆಲೆಗಳ ಮುಚ್ಚಿದ ಪಟ್ಟಿ ಕೊಡಿ, 'ಬರೆದಿಲ್ಲ' ಎಂಬುದು ಅದರಲ್ಲಿ ಇರಲೇಬೇಕು. ಆ ಬಾಗಿಲು ಇಲ್ಲದಿದ್ದರೆ ಮಾಡೆಲ್ ಏನಾದರೊಂದನ್ನು ತುಂಬುತ್ತದೆ, ಅದೂ ಸಹಜವಾಗಿ ಕಾಣುವಂಥದ್ದನ್ನೇ. ಡಕ್ಟಲ್ ಕಾರ್ಸಿನೋಮ ಎಂದು ಕಂಡರೆ ಸಾಕು, ಗ್ರೇಡ್ 2 ಎಂದು ಬರೆದುಬಿಡುತ್ತದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಉಪಾಯ ಒಂದಿದೆ. ಪ್ರತಿ ಬೆಲೆಯ ಜೊತೆ ಅದು ಸಿಕ್ಕ ಸಾಲನ್ನು ಅಕ್ಷರಶಃ ಎತ್ತಿ ಕೊಡು ಎಂದು ಕೇಳಿ. ಜೇಸನ್‌ನಲ್ಲಿ ಸಾಲು ಮೊದಲು, ಬೆಲೆ ಆಮೇಲೆ ಇರಲಿ. ಮಾಡೆಲ್ ಎಡದಿಂದ ಬಲಕ್ಕೆ ಬರೆಯುವುದರಿಂದ, ಮೊದಲು ಬೆಲೆ ಬರೆದರೆ ಆಮೇಲೆ ಅದಕ್ಕೆ ಹೊಂದುವ ಸಾಲು ಹುಡುಕುತ್ತದೆ. ಆ ಸಾಲು ಮೂಲ ವರದಿಯಲ್ಲಿ ನಿಜವಾಗಿ ಇದೆಯೇ ಎಂದು ಕೋಡ್‌ನಿಂದ ಪರೀಕ್ಷಿಸಿ. ಹೋಲಿಸುವ ಮುನ್ನ ಎರಡೂ ಕಡೆ ಹೆಚ್ಚುವರಿ ಖಾಲಿಜಾಗ, ಸಾಲುಮುರಿತ ತೆಗೆಯಿರಿ. ಸಿಗದಿದ್ದರೆ ಬೆಲೆಯನ್ನು ಎಸೆದು ಕೈಪರಿಶೀಲನೆಗೆ ಕಳಿಸಿ. ಮಾಡೆಲ್ ಕಟ್ಟಿ ಹೇಳಿದ ಬೆಲೆಗಳಲ್ಲಿ ಬಹುಪಾಲು ಇಲ್ಲೇ ಉದುರುತ್ತವೆ. ಉಳಿಯುವುದು ಸರಿಯಾದ ಸಾಲು ಎತ್ತಿ ತಪ್ಪು ಅರ್ಥ ಮಾಡಿದ್ದು. ಅದಕ್ಕೆ ಮೇಲಿನ ತಾಳೆ ಪರೀಕ್ಷೆಗಳಿವೆ.

ಪ್ರಾಂಪ್ಟಿನಲ್ಲಿ ಉದಾಹರಣೆ ಕೊಡುವಾಗಲೂ ಜೋಪಾನ. ಉದಾಹರಣೆಯಲ್ಲಿ 'ಇಆರ್ 90%' ಇದ್ದರೆ ಇಆರ್ ಬರೆಯದ ವರದಿಗೂ ಅದೇ 90 ಬರಬಹುದು. ಉದಾಹರಣೆಗಳಲ್ಲಿ ಒಂದರಲ್ಲಾದರೂ ಹಲವು ಅಂಕಣ 'ಬರೆದಿಲ್ಲ' ಎಂದಿರಲಿ.

ಯಾವುದಕ್ಕೆ ಯಾವುದು ಎಂದರೆ: ಸಂಖ್ಯೆಗಳಿಗೆ, ಅಂದರೆ ನೋಡ್, ಶೇಕಡಾ, ಹರ್-2 ಅಂಕ, ಅಳತೆಗೆ ನಿಯಮಗಳೇ ಮೇಲು, ತಪ್ಪಿದರೂ ಏಕೆ ತಪ್ಪಿತು ಎಂದು ತಿಳಿಯುತ್ತದೆ. ಹಿಸ್ಟಾಲಜಿ ಬಗೆ, ಮಾರ್ಜಿನ್, ಎರಡು ಗಡ್ಡೆಗಳನ್ನು ಬೇರೆ ಮಾಡುವುದು, ಇವುಗಳಿಗೆ ಮಾಡೆಲ್. ಸಾಧ್ಯವಾದ ಕಡೆ ಎರಡನ್ನೂ ಓಡಿಸಿ. ಎರಡೂ ಒಪ್ಪಿದರೆ ಕೋಷ್ಟಕಕ್ಕೆ, ಒಪ್ಪದಿದ್ದರೆ ಮನುಷ್ಯರಿಗೆ.

ಉತ್ತರ: ತಕ್ಕಡಿ

ಎಷ್ಟು ಗುರುತು ಮಾಡಬೇಕು, ಹೇಗೆ ಅಳೆಯಬೇಕು ಎಂಬುದಕ್ಕೆ.

ಮೊದಲ 50 ವರದಿಗಳನ್ನು ಇಬ್ಬರು ಒಬ್ಬರದ್ದನ್ನೊಬ್ಬರು ನೋಡದೆ ತುಂಬಲಿ. ಅಂಕಣವಾರು ಕೊಹೆನ್ ಕಪ್ಪಾ (ಇಬ್ಬರು ಎಷ್ಟು ಒಪ್ಪಿದರು ಎಂಬ ಅಳತೆ) ಲೆಕ್ಕ ಹಾಕಿ. ಕಪ್ಪಾ ಕಡಿಮೆ ಬಂದ ಅಂಕಣದಲ್ಲಿ ತಪ್ಪು ಯಂತ್ರದ್ದಲ್ಲ, ನಿಮ್ಮ ವ್ಯಾಖ್ಯೆ ಅಸ್ಪಷ್ಟವಾಗಿದೆ ಎಂದರ್ಥ. 'ಕ್ಲೋಸ್ ಮಾರ್ಜಿನ್' ಅನ್ನು 'ಇದೆ' ಎನ್ನುವುದೋ 'ಇಲ್ಲ' ಎನ್ನುವುದೋ? ಇಂಥವನ್ನು ಬರೆದಿಟ್ಟು, ಆಮೇಲೆ 250ರಿಂದ 300 ವರದಿ ಗುರುತು ಮಾಡಿ. ಆಯ್ಕೆ ಮಾಡುವಾಗ ವರ್ಷ, ವರದಿ ಬರೆದ ಪ್ಯಾಥಾಲಜಿಸ್ಟ್, ವರ್ಡ್-ಪಿಡಿಎಫ್-ಸ್ಕ್ಯಾನ್ ಮೂರನ್ನೂ ಗಮನದಲ್ಲಿಟ್ಟು ಪಾಲು ಹಾಕಿ. ಬರೆಯುವ ಶೈಲಿ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, ಒಬ್ಬರ ವರದಿಗಳ ಮೇಲೆ ಹೆಣೆದ ನಿಯಮ ಇನ್ನೊಬ್ಬರದ್ದರಲ್ಲಿ ಸೋಲುತ್ತದೆ.

ಅದರಲ್ಲಿ ಅರ್ಧವನ್ನು ಮುಚ್ಚಿಡಿ, ನಿಯಮ ತಿದ್ದುವಾಗ ಅದನ್ನು ತೆರೆಯಲೇಬಾರದು. ಭಾಗ ಮಾಡುವುದು ರೋಗಿಯ ಲೆಕ್ಕದಲ್ಲಿ, ವರದಿಯ ಲೆಕ್ಕದಲ್ಲಲ್ಲ. ಒಬ್ಬರ ಟ್ರೂಕಟ್ ವರದಿ ತಿದ್ದುಪಡಿಯ ಗುಂಪಿನಲ್ಲೂ ಮ್ಯಾಸ್ಟೆಕ್ಟಮಿ ವರದಿ ಪರೀಕ್ಷೆಯ ಗುಂಪಿನಲ್ಲೂ ಇದ್ದರೆ ಅಂಕ ಸುಳ್ಳೇ ಏರುತ್ತದೆ.

ಒಟ್ಟು ನಿಖರತೆ ಎಂಬ ಒಂದೇ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಹೆಚ್ಚಿನ ಟ್ರೂಕಟ್ ವರದಿಗಳಲ್ಲಿ ನೋಡ್, ಮಾರ್ಜಿನ್ ಎಲ್ಲ 'ಬರೆದಿಲ್ಲ'. ಎಲ್ಲದಕ್ಕೂ ಕಣ್ಣುಮುಚ್ಚಿ 'ಬರೆದಿಲ್ಲ' ಎಂದ ಕೋಡ್ ಕೂಡ ಒಳ್ಳೆಯ ಅಂಕ ಗಳಿಸುತ್ತದೆ. ಪ್ರತಿ ಅಂಕಣಕ್ಕೂ ಪ್ರತಿ ಬೆಲೆಗೂ ಪ್ರಿಸಿಷನ್ (ಹೇಳಿದ್ದರಲ್ಲಿ ಸರಿ ಎಷ್ಟು), ರಿಕಾಲ್ (ಇದ್ದದ್ದರಲ್ಲಿ ಹಿಡಿದದ್ದು ಎಷ್ಟು) ಬೇರೆ ಬೇರೆ ತೋರಿಸಿ. ಯಾವುದು ಯಾವುದಾಗಿ ತಪ್ಪಿತು ಎಂಬ ಚೌಕವನ್ನೂ ಇಡಿ: ಹರ್-2 3+ ಇದ್ದದ್ದು ಖಾಲಿಯಾದರೆ ಯಾರಾದರೂ ಹುಡುಕುತ್ತಾರೆ, 1+ ಆಗಿ ಬಂದರೆ ಯಾರೂ ಹುಡುಕುವುದಿಲ್ಲ.

100 ವರದಿ ನೋಡಿ ಒಂದೂ ತಪ್ಪು ಸಿಗದಿದ್ದರೆ ತಪ್ಪಿನ ಪ್ರಮಾಣ ಸೊನ್ನೆ ಎಂದಲ್ಲ. ಶೇ. 95 ವಿಶ್ವಾಸದ ಮೇಲ್ಮಿತಿ ಸುಮಾರು 3/ಎನ್ (ಎನ್ ಎಂದರೆ ನೋಡಿದ ವರದಿಗಳು), ಅಂದರೆ ಶೇ. 3ರವರೆಗೂ ಇರಬಹುದು. ಒಂಬತ್ತು ಸಾವಿರದಲ್ಲಿ ಅದು 270 ವರದಿ. 300 ನೋಡಿ ಒಂದೂ ತಪ್ಪಿಲ್ಲದಿದ್ದರೆ ಶೇ. 1. ಈ ಲೆಕ್ಕ ನಂಬಿಕೆಗೆ ಎಷ್ಟು ವರದಿ ಸಾಕು ಎಂಬುದನ್ನೂ ಹೇಳುತ್ತದೆ. ಅಪರೂಪದವು, ಅಂದರೆ ಎರಡೂ ಬದಿಯ ಗಡ್ಡೆ, ಮೆಟಾಪ್ಲಾಸ್ಟಿಕ್ ಬಗೆ, ಯಾದೃಚ್ಛಿಕ 300ರಲ್ಲಿ ಬೆರಳೆಣಿಕೆಗಿಂತ ಹೆಚ್ಚಿರಲಾರವು. ಅವನ್ನು ಪದ ಹುಡುಕಿ ಬೇರೆಯಾಗಿ ಆರಿಸಿ, ಬೇರೆಯಾಗಿಯೇ ಅಳೆಯಿರಿ. ಮುಖ್ಯ ಅಂಕಕ್ಕೆ ಬೆರೆಸಬೇಡಿ.

ಉತ್ತರ: ಕೋಡುಕಟ್ಟು

ಕೋಡ್ ಬಗ್ಗೆ ಚಿಕ್ಕದಾಗಿ. ಕ್ಯಾನ್ಸರ್ ನೋಂದಣಿಗೆ ಉಪಯೋಗವಾಗಬೇಕಿದ್ದರೆ ಐಸಿಡಿ-ಒ (ಗಡ್ಡೆಯ ಸ್ಥಾನ, ರೂಪಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿ) ಮೂರನೆಯ ಆವೃತ್ತಿ ಇರಲೇಬೇಕು. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1982ರಲ್ಲಿ ದತ್ತಾಂಶ ಸಂಗ್ರಹ ಆರಂಭಿಸಿದ ಮೊದಲ ಜನಸಂಖ್ಯಾ ನೋಂದಣಿಗಳಲ್ಲಿ ಬೆಂಗಳೂರಿನ ಕಿದ್ವಾಯಿಯದೂ ಒಂದು. ಕಾರ್ಯಕ್ರಮವನ್ನು ನಡೆಸುವ ಎನ್‌ಸಿಡಿಐಆರ್ ಇರುವುದೂ ಬೆಂಗಳೂರಿನಲ್ಲೇ. ಸ್ಥಾನಕ್ಕೆ ಸಿ50.4 ಎಂದರೆ ಮೇಲಿನ ಹೊರ ಕಾಲುಭಾಗ, ಸಿ50.9 ಎಂದರೆ ಜಾಗ ಹೇಳಿಲ್ಲ. ರೂಪಕ್ಕೆ 8500/3 ಇನ್ವೇಸಿವ್ ಡಕ್ಟಲ್, 8520/3 ಲೋಬ್ಯುಲರ್. ಗೆರೆಯ ನಂತರದ ಅಂಕಿ ಸ್ವಭಾವ: 2 ಇನ್-ಸಿಟು, 3 ಇನ್ವೇಸಿವ್. ಎಡ-ಬಲ ಈ ಕೋಡಿನಲ್ಲಿ ಇಲ್ಲ, ಬೇರೆ ಅಂಕಣ ಬೇಕು.

ವೈದ್ಯಕೀಯ ಪದಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿಯಾದ ಸ್ನೋಮೆಡ್ ಸಿಟಿಗೆ ಭಾರತ ಸದಸ್ಯ ದೇಶ, ಹಾಗಾಗಿ ದೇಶದೊಳಗೆ ಬಳಸಲು ಶುಲ್ಕವಿಲ್ಲ. ಪುಣೆಯ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್‌ನಲ್ಲಿ ನೋಂದಾಯಿಸಿಕೊಂಡು ಪರವಾನಗಿ ಪಡೆಯಬೇಕು. ಮುಂದೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಜೋಡಿಸುವ ಯೋಚನೆ ಇದ್ದರೆ ಆರೋಗ್ಯ ದತ್ತಾಂಶ ವಿನಿಮಯದ ಮಾನದಂಡವಾದ ಫೈರ್ ಆರ್4ನ ಡಯಾಗ್ನೊಸ್ಟಿಕ್ ರಿಪೋರ್ಟ್, ಒಳಗೆ ಪ್ರತಿ ಅಂಕಣಕ್ಕೆ ಒಂದು ಅಬ್ಸರ್ವೇಷನ್ ಎಂಬ ರೂಪವನ್ನು ಈಗಲೇ ಮನಸ್ಸಿನಲ್ಲಿಡಿ.

ಕೋಡ್ ಸಂಖ್ಯೆಯನ್ನು ಮಾಡೆಲ್‌ನಿಂದ ಬರೆಸಬೇಡಿ. ಸ್ನೋಮೆಡ್‌ನಂತೆ ಕಾಣುವ, ಇಲ್ಲದ ಸಂಖ್ಯೆಗಳನ್ನು ಅದು ಸರಾಗವಾಗಿ ಹುಟ್ಟಿಸುತ್ತದೆ. ಮಾಡೆಲ್ ಕೊಡುವುದು ಮುಚ್ಚಿದ ಪಟ್ಟಿಯ ಪದ. ಪದದಿಂದ ಕೋಡಿಗೆ ಹೋಗುವುದು ಪ್ಯಾಥಾಲಜಿಸ್ಟ್ ಒಪ್ಪಿದ ಒಂದು ಸಣ್ಣ ಕೋಷ್ಟಕ. ಸ್ತನಕ್ಕೆ ಅದು ಕೆಲವೇ ಡಜನ್ ಸಾಲು.

ಹೆಸರು ಅಳಿಸುವುದು: ಹೊರಗೆ ಕಳಿಸದಿದ್ದರೂ ಗುರುತು ಮಾಡುವವರ ಮುಂದೆ ಇಡುವ ಮುನ್ನ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಅಮೆರಿಕದ ದಾಖಲೆಗಳ ಮೇಲೆ ಕಲಿತ ಉಪಕರಣಗಳು ನಮ್ಮ ಹೆಸರುಗಳನ್ನು ಬಿಟ್ಟುಬಿಡುತ್ತವೆ: ಒಂದಕ್ಷರದ ಇನಿಷಿಯಲ್, ಊರಿನ ಹೆಸರೇ ಮೊದಲ ಭಾಗ, 'ಅವರ ಪತ್ನಿ' ಎಂಬ ಅರ್ಥದ ಸಂಕ್ಷೇಪ. ವರದಿಯ ತಲೆಭಾಗದಲ್ಲಿ ಹೆಸರು ಸಿಕ್ಕೇ ಸಿಗುತ್ತದೆ. ಅದನ್ನು ತೆಗೆದುಕೊಂಡು ಅದೇ ವರದಿಯ ಒಡಲಲ್ಲಿ ಹುಡುಕಿ ಅಳಿಸಿ, ಒಂದಕ್ಷರ ತಪ್ಪಿದ್ದರೂ ಹಿಡಿಯುವಂತೆ. ಬಯಾಪ್ಸಿ ಸಂಖ್ಯೆಯೂ ಗುರುತೇ. ಅದರ ಬದಲು ಆಂತರಿಕ ಸಂಖ್ಯೆ ಕೊಟ್ಟು ಹೊಂದಿಕೆಯ ಪಟ್ಟಿಯನ್ನು ಬೀಗದಲ್ಲಿಡಿ. ದಿನಾಂಕಗಳನ್ನು ಒಬ್ಬ ರೋಗಿಗೆ ಒಂದೇ ಅಂತರದಷ್ಟು ಸರಿಸಿದರೆ ಎರಡು ವರದಿಗಳ ನಡುವಿನ ದಿನಗಳು ಕೆಡುವುದಿಲ್ಲ.

ಅಂಕಣರೇಖೆ

ಎಲ್ಲರಿಗೂ ಧನ್ಯವಾದ. 'ಬರೆದಿಲ್ಲ' ಎಂಬ ಬೆಲೆಯನ್ನು ಎಲ್ಲ ಅಂಕಣಕ್ಕೂ ಸೇರಿಸಿ, ಸಾಲು ಗಡ್ಡೆಗೆ ಎಂದು ಬದಲಿಸುತ್ತೇನೆ. ಒಂದು ಉಳಿಯಿತು: ಹರ್-2 2+ ಬಂದವರ ಫಿಶ್ ಫಲಿತಾಂಶ ವಾರಗಳ ಬಳಿಕ ಬೇರೆ ಸಂಖ್ಯೆಯ ವರದಿಯಲ್ಲಿ ಬರುತ್ತದೆ. ಅದನ್ನು ಮೂಲ ಗಡ್ಡೆಯ ಸಾಲಿಗೆ ಸೇರಿಸುವುದು ಹೇಗೆ?

ಗಾಜುಪಟ್ಟಿ

ಫಿಶ್ ವರದಿಯಲ್ಲಿ ಪರೀಕ್ಷಿಸಿದ ಬ್ಲಾಕ್‌ನ ಸಂಖ್ಯೆ ಇರುತ್ತದೆ, ಅದು ಮೂಲ ಬಯಾಪ್ಸಿ ಸಂಖ್ಯೆಯಿಂದಲೇ ಆರಂಭವಾಗುತ್ತದೆ. ಹೊಂದಿಸಬೇಕಾದ್ದು ಅದರಿಂದ, ಹೆಸರು ಮತ್ತು ದಿನಾಂಕದಿಂದಲ್ಲ. ಟ್ರೂಕಟ್‌ನ ಬ್ಲಾಕ್ ಮೇಲೆ ಮಾಡಿದ ಫಿಶ್ ಅನ್ನು ಮ್ಯಾಸ್ಟೆಕ್ಟಮಿಯ ಸಾಲಿಗೆ ಅಂಟಿಸುವ ತಪ್ಪು ಆಗುವುದೇ ಹೆಸರಿನಿಂದ ಹೊಂದಿಸಿದಾಗ. ಬ್ಲಾಕ್ ಸಂಖ್ಯೆ ಇಲ್ಲದಿದ್ದರೆ ಎಡ-ಬಲವನ್ನೂ ನೋಡಿ ಕೈಯಿಂದ ಜೋಡಿಸಿ; 2+ ಬಂದವರು ಒಂಬತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ, ಕೈಕೆಲಸ ಹೊರೆಯಾಗದು.

ತೆಗೆಯಬೇಕಾದ್ದು ಮೂರು: ಹರ್-2ಗೂ ಸೆಪ್-17ಗೂ (17ನೇ ವರ್ಣತಂತುವಿನ ಗುರುತು) ಇರುವ ಅನುಪಾತ, ಒಂದು ಕೋಶಕ್ಕೆ ಹರ್-2 ಜೀನ್‌ನ ಪ್ರತಿಗಳ (ಕಾಪಿ) ಸರಾಸರಿ ಸಂಖ್ಯೆ, ಮತ್ತು ವರದಿಯ ತೀರ್ಮಾನ. 2018ರ ಆಸ್ಕೊ-ಕ್ಯಾಪ್ ಪ್ರಕಾರ ಅನುಪಾತ 2.0 ಅಥವಾ ಹೆಚ್ಚು ಇದ್ದು ಪ್ರತಿಗಳು 4.0 ಅಥವಾ ಹೆಚ್ಚಿದ್ದರೆ ಪಾಸಿಟಿವ್, ಅನುಪಾತ 2.0ಕ್ಕಿಂತ ಕಡಿಮೆ, ಪ್ರತಿಗಳು 4.0ಕ್ಕಿಂತ ಕಡಿಮೆ ಇದ್ದರೆ ನೆಗೆಟಿವ್. ನಡುವೆ ಬೀಳುವ ಮೂರು ಗುಂಪುಗಳಿಗೆ ಐಎಚ್‌ಸಿಯನ್ನು ಜೊತೆಗಿಟ್ಟು ಮತ್ತೆ ಎಣಿಸಿಯೇ ತೀರ್ಮಾನಿಸುವುದು, ಅನುಪಾತ ಒಂದರಿಂದಲೇ ಕೋಡ್ ಹೇಳಲು ಹೊರಟರೆ ತಪ್ಪುತ್ತದೆ. ಆ ಗುಂಪುಗಳಲ್ಲಿ ವರದಿಯ ತೀರ್ಮಾನವೇ ಅಂತಿಮ. 2018ಕ್ಕೂ ಮುಂಚಿನ ವರದಿಗಳು ನಿಮ್ಮಲ್ಲಿದ್ದರೆ ಅಲ್ಲಿ 'ಈಕ್ವಿವೋಕಲ್' ಎಂಬ ಫಿಶ್ ತೀರ್ಮಾನವೇ ಸಿಗಬಹುದು. ಅದನ್ನು ಹಾಗೆಯೇ ಇಡಿ, ಹೊಸ ನಿಯಮಕ್ಕೆ ತಿದ್ದಬೇಡಿ.

ಮೂಲ ಸಾಲಿನ ಐಎಚ್‌ಸಿ 2+ ಅನ್ನು ಫಿಶ್ ಬಂದಮೇಲೂ ಅಳಿಸಬೇಡಿ. ಎರಡಕ್ಕೂ ಅದರದರ ವರದಿಯ ದಿನಾಂಕದೊಂದಿಗೆ ಪ್ರತ್ಯೇಕ ಅಂಕಣ ಇರಲಿ. ಫಿಶ್ ವರದಿ ಸಿಗದೇ ಹೋದವರಿಗೆ 'ಬರೆದಿಲ್ಲ' ಎಂಬ ಬೆಲೆ ಹಾಕದೆ 'ವರದಿ ಸಿಕ್ಕಿಲ್ಲ' ಎಂಬ ಐದನೆಯ ಬೆಲೆ ಕೊಡಿ, ಏಕೆಂದರೆ ಅವರಲ್ಲಿ ಕೆಲವರು ಬೇರೆ ಪ್ರಯೋಗಾಲಯದಲ್ಲಿ ಫಿಶ್ ಮಾಡಿಸಿರುತ್ತಾರೆ, ಆ ಫಲಿತಾಂಶ ಅವರ ಕೇಸ್ ಫೈಲ್‌ನ ಕಾಗದದಲ್ಲಿ ಇರುತ್ತದೆ.